ಕುದುರೆ ಮೆಂತೆಯ ಪುಡಿ

ಅಮ್ಮನ ಬಾಯಿ ಒಂದು ಕಡೆಗೆ ವಾಲಿ, ಮಾತು ತೊದಲತೊಡಗಿದಾಗ ದೊಡ್ಡವಳು ಕೈಯಲ್ಲಿದ್ದ ಸೆಗಣಿಯನ್ನೂ ಸರಿಯಾಗಿ ತೊಳೆಯದೆ ಅವಳನ್ನು ಆಸ್ಪತ್ರೆಗೆ ಹೊತ್ತುಕೊಂಡು ಓಡಿದಳು. ದಾರಿಯಲ್ಲೇ ಬಾಯಿ ನೆಟ್ಟಗಾಯಿತು. ಆದರೆ ರಕ್ತಪರೀಕ್ಷೆ ನೋಡಿದ ಡಾಕ್ಟರು ಹುಬ್ಬು ಗಂಟಿಕ್ಕಿದರು.

"ಹೃದಯಕ್ಕೆ ಲೋಹದ ಕವಾಟ ಹಾಕಿದೆ. ರಕ್ತ ಹೆಪ್ಪುಗಟ್ಟದ ಹಾಗೆ ದಿನಾ ಗುಳಿಗೆ ತಗೋಬೇಕು. ಬಿಟ್ಟಿದ್ರಾ?"

"ನಾನೇ ಬಾಯಿಗೆ ಹಾಕಿ ನೀರು ಕುಡಿಸ್ತೀನಿ."

"ಹಾಗಾದ್ರೆ ಹೊಸದಾಗಿ ಏನು ತಿಂತಿದ್ದಾರೆ? ಸೊಪ್ಪು, ಪುಡಿ, ಏನಾದ್ರೂ?"

ಅಮ್ಮ ಮೆಲ್ಲಗೆ ಗೋಡೆಯ ಕಡೆಗೆ ಹೊರಳಿದಳು. "ಚಿಕ್ಕವಳು ಕುದುರೆ ಮೆಂತೆ ಪುಡಿ ಕೊಟ್ಲು. ಬಿಸಿನೀರಲ್ಲಿ ಕಲಸಿ ಕುಡೀತಿದ್ದೆ."

"ನನಗೆ ಯಾಕಮ್ಮ ಹೇಳಲಿಲ್ಲ?"

"ಹೇಳಿದ್ರೆ ನೀನು ಬೈತಿದ್ದೆ."

ಆ ಸೊಪ್ಪಿನಲ್ಲಿರುವ ಅಂಶ ಗುಳಿಗೆಯ ಕೆಲಸ ಕೆಡಿಸುತ್ತದೆ, ಬೇರೆಯವರಿಗೆ ಒಳ್ಳೆಯದಿರಬಹುದು, ಇವರಿಗಲ್ಲ ಎಂದು ಡಾಕ್ಟರು ಹೇಳಿದರು. ದೊಡ್ಡವಳು ಅಮ್ಮನನ್ನು ನರ್ಸಿಗೆ ಒಪ್ಪಿಸಿ, ನೆಟ್ಟಗೆ ಪೇಟೆಯಲ್ಲಿದ್ದ ತಂಗಿಯ ಅಂಗಡಿಗೆ ನಡೆದಳು. ಗಾಜಿನ ಕಪಾಟಿನ ತುಂಬ ಅದೇ ಪುಡಿಯ ಹಸಿರು ಡಬ್ಬಿಗಳು ಸಾಲಾಗಿ ಕುಳಿತಿದ್ದವು. ನೋಡಿದ್ದೇ ತಡ, ಮೈಯೆಲ್ಲ ಉರಿದುಹೋಯಿತು.

"ಅಮ್ಮ ಆಸ್ಪತ್ರೆಯಲ್ಲಿದ್ದಾಳೆ. ನಿನ್ನ ಪುಡಿ ಕುಡಿದು."

ಚಿಕ್ಕವಳ ಮುಖ ಬಿಳಿಚಿಕೊಂಡಿತು. ಎದುರಿಗಿದ್ದ ಗಿರಾಕಿ ಸದ್ದಿಲ್ಲದೆ ಜಾರಿಕೊಂಡ.

"ಬರೀ ಸೊಪ್ಪು ಅಲ್ವಾ ಅಕ್ಕ? ನಿನ್ನ ಹಸುಗಳು ಅದನ್ನೇ ತಿಂದು ಬಿಂದಿಗೆಗಟ್ಟಲೆ ಹಾಲು ಕೊಡ್ತಾವೆ."

"ಹಸಿದ ಹಸುವನ್ನ ಇಬ್ಬನಿ ಬಿದ್ದ ಮೆಂತೆಗೆ ಬಿಟ್ಟು ನೋಡು. ಹೊಟ್ಟೆ ನಗಾರಿ ಥರ ಉಬ್ಬಿ ಉಸಿರು ಕಟ್ಟಿ ಸಾಯುತ್ತೆ. ಮೊದಲು ಒಣಹುಲ್ಲು ತಿನ್ನಿಸಿ, ಸೊಪ್ಪನ್ನ ಬಾಡಿಸಿ, ಆಮೇಲೆ ಒಂದೊಂದೇ ಹಿಡಿ ಹಾಕ್ತೀನಿ. ಹಸುವಿಗೇ ಇಷ್ಟು ಯೋಚನೆ ಮಾಡ್ತೀನಿ. ಅಮ್ಮ ಗುಳಿಗೆ ತಗೊಳ್ಳೋದು ನಿನಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಸೊಪ್ಪಿಗೂ ಗುಳಿಗೆಗೂ ಏನು ಸಂಬಂಧ ಅಂದ್ಕೊಂಡೆ."

"ಅಂದ್ಕೊಂಡೆ. ಕೇಳಲಿಲ್ಲ."

ಚಿಕ್ಕವಳು ಅಳತೊಡಗಿದಳು. ಆ ಅಳು ದೊಡ್ಡವಳ ಸಿಟ್ಟಿಗೆ ಎಣ್ಣೆ ಸುರಿಯಿತು. ಚಿಕ್ಕಂದಿನಿಂದಲೂ ಹೀಗೇ, ತಪ್ಪು ಇವಳದು, ಸಮಾಧಾನವೂ ಇವಳಿಗೇ.

ವಾರ ಕಳೆದು ಅಮ್ಮ ಮನೆಗೆ ಬಂದಳು. ಹಾಸಿಗೆಯಲ್ಲಿ ಕುಳಿತವಳ ಮೊದಲ ಮಾತೇ, "ಪಾಪ, ಅವಳನ್ನ ಅಷ್ಟೊಂದು ಬೈಬಾರದಿತ್ತು. ನೀನು ಡೈರಿಗೆ ಹಾಲು ಹಾಕೋಕೆ ಹೋದಾಗ ಬಂದು, ಪಕ್ಕ ಕೂತು, ನಾಲ್ಕು ಮಾತಾಡಿ ಕುಡಿಸ್ತಿದ್ಲು. ನೀನು ಗುಳಿಗೆ ಕೊಟ್ಟು ಓಡ್ತೀಯ."

ದೊಡ್ಡವಳಿಗೆ ಓಡುವುದು ಯಾರಿಗಾಗಿ ಎಂದು ಕೇಳಬೇಕೆನಿಸಿತು. ಬದಲಿಗೆ ಅಂಗಳಕ್ಕೆ ಬಂದು ತಂಗಿಗೆ ಫೋನು ಮಾಡಿದಳು.

"ನಾಳೆಯಿಂದ ಬೆಳಗ್ಗೆ ಹಾಲು ಕರೆಯೋದು ನೀನು. ಅಮ್ಮನ ಪಕ್ಕ ಕೂರೋದು ನಾನು."

"ನನಗೆ ಹಾಲು ಕರೆಯೋಕೆ ಎಲ್ಲಿ ಬರುತ್ತೆ ಅಕ್ಕ?"

"ಕಲ್ತ್ಕೋ."

ಮರುದಿನ ಚಿಕ್ಕವಳು ಬಂದಳು. ಬಿಂದಿಗೆ ಹಿಡಿದು ನೆಟ್ಟಗೆ ಕೊಟ್ಟಿಗೆಗೆ ಹೋದಳು. ದೊಡ್ಡವಳು ಗುಳಿಗೆ ಕೊಟ್ಟು, ಕಾಲು ಚಾಚಿ, ಅಮ್ಮನ ಪಕ್ಕ ಕುಳಿತಳು.

"ಅಕ್ಕ, ಇದು ಒದೀತಿದೆ," ಎಂದು ಕೊಟ್ಟಿಗೆಯಿಂದ ಕೂಗು ಬಂತು.

"ಹೋಗಿ ನೋಡೇ," ಎಂದಳು ಅಮ್ಮ.

"ಒದೀಲಿ," ಎಂದಳು ದೊಡ್ಡವಳು, ಕೂತಲ್ಲಿಂದ ಏಳದೆ. "ನೀನು ಮಾತಾಡು."