ಎರಡನೆಯದೋ ಮೂರನೆಯದೋ

ಒಲೆ ಇನ್ನೂ ಬೆಚ್ಚಗಿದೆ, ಅಂದರೆ ಯಾರೋ ಇದ್ದು ಹೋಗಿದ್ದಾರೆ, ಯಾರು, ಗಾರ್ಡೋ ಅಕ್ಕನೋ, ಅವನು ಕಬ್ಬಿಣದ ಮೇಲೆ ಅಂಗೈ ಇಟ್ಟುಕೊಂಡೇ ನಿಂತ, ಬೆಳಿಗ್ಗೆ ತಾನೇ ಹಚ್ಚಿದ ಒಲೆಯಾದರೂ ಇಷ್ಟೇ ಬಿಸಿ ಉಳಿದಿರುತ್ತದೆ, ಗಾರ್ಡ್ ಹಚ್ಚಿದ್ದಾದರೂ ಇಷ್ಟೇ, ಒಲೆಗೇನು ಬಾಯಿದೆಯೇ ಹೇಳಲು. ರಾಷ್ಟ್ರೀಯ ಉದ್ಯಾನ ಎಂದು ದೊಡ್ಡ ಹೆಸರಿಟ್ಟ ಪುಣ್ಯಾತ್ಮರು ಈ ಬೆಟ್ಟದ ಕ್ಯಾಬಿನ್ನುಗಳನ್ನು ಮಾತ್ರ ಒಂದೇ ಅಚ್ಚಿನ ಇಟ್ಟಿಗೆಗಳ ಹಾಗೆ ಮಾಡಿಟ್ಟಿದ್ದಾರೆ, ಎರಡು ಮಂಚ, ಒಂದು ಒಲೆ, ಒಂದು ಮೇಜು, ಮುಂದೊಂದು ಹಿಂದೊಂದು ಬಾಗಿಲು, ಸಂಖ್ಯೆಯ ಹಲಗೆ ಇರಬೇಕಾದಲ್ಲಿ ಬರೀ ಮೊಳೆ — ಬೆಳಿಗ್ಗೆ ಬಿಟ್ಟು ಬಂದ ಕ್ಯಾಬಿನ್ನಿಗೆ ಹಲಗೆ ಇತ್ತೇ, ಅವನು ತಲೆಯೆತ್ತಿ ನೋಡಿದ್ದರೆ ತಾನೇ. ತಲೆಯೆಲ್ಲ ಅಕ್ಕನ ಎಡಗಾಲಿನಲ್ಲಿತ್ತು, ಉಳುಕಿ ಊದಿ ಹೊಳೆಯುತ್ತಿದ್ದ ಕಾಲು, ಬೂಟಿಗೂ ಬಗ್ಗದೆ ಕಾಲುಚೀಲಕ್ಕೂ ಬಗ್ಗದೆ ದಿಂಬಿನ ಮೇಲೆ ಬರಿದಾಗಿ ಮಲಗಿದ್ದ ಕಾಲು. ಇದು ಎರಡನೇ ಕ್ಯಾಬಿನ್ ಅಕ್ಕ, ಮೂರನೇದ್ರಲ್ಲಿ ಗಾರ್ಡ್ ಇರ್ತಾನೆ, ಅವನ ಹತ್ರ ವೈರ್‌ಲೆಸ್ ಇದೆ, ಕರ್ಕೊಂಡು ಬರ್ತೀನಿ, ನೀನು ಕದಲಬೇಡ. ಕದಲೋಕೆ ಕಾಲೆಲ್ಲಿದೆಯೋ, ನೀನು ದಾರಿ ತಪ್ಪಿಸ್ಕೋಬೇಡ ಅಷ್ಟೆ. ನಕ್ಕೇ ಅಂದಿದ್ದಳು. ಹೊರಟ ಸ್ವಲ್ಪ ಹೊತ್ತಿಗೇ ಮಂಜು ಇಳಿಯಿತು, ಬಂಡೆಗಳ ಮೇಲಿನ ಕೆಂಪು ಗುರುತುಗಳನ್ನು ಒಂದೊಂದಾಗಿ ನುಂಗಿತು, ಎಡಕ್ಕೆ ಪ್ರಪಾತ ಎಂಬುದೊಂದೇ ನೆನಪಿಟ್ಟುಕೊಂಡು ಬಲಕ್ಕೆ ಬಲಕ್ಕೆ ನಡೆದ, ಬಲಕ್ಕೇ ನಡೆಯುತ್ತಾ ಹೋದವನು ಎಲ್ಲಿಗೆ ಬರುತ್ತಾನೆ, ಮುಂದಕ್ಕೋ ಹಿಂದಕ್ಕೋ, ಗಾಣದ ಎತ್ತನ್ನು ಕೇಳಿದರೆ ಹೇಳೀತು.

ಇದು ಮೂರನೆಯದೇ, ಯಾಕೆಂದರೆ ಅಕ್ಕ ಇಲ್ಲ. ಗಾರ್ಡ್ ಎಲ್ಲೋ ಸುತ್ತು ಹೊಡೆಯಲು ಹೋಗಿದ್ದಾನೆ, ಬರುತ್ತಾನೆ, ಬಂದೇ ಬರುತ್ತಾನೆ, ಅಲ್ಲಿಯವರೆಗೆ ಕೂತಿರುವುದು — ಆದರೆ ಎರಡನೆಯದೇ ಆಗಿದ್ದರೆ, ಆಗಿದ್ದು ಅಕ್ಕ ಇಲ್ಲವೆಂದರೆ. ಅವನು ಮಂಚದ ಮೇಲಿನ ಹೊದಿಕೆ ನೋಡಿದ, ಮೂರು ಮಡಿಕೆ, ಅಂಚು ಒಳಕ್ಕೆ, ಇದು ಲಾಡ್ಜಿನ ಮಡಿಕೆ, ಅವನದೇ ಕೈಯ ಮಡಿಕೆ, ಬೆಳಿಗ್ಗೆ ಮಡಿಸಿದ್ದೋ, ಅಥವಾ ಈಗ, ಹೌದು, ಈಗ. ಒಳಗೆ ಬಂದವನೇ ಏನು ಮಾಡಿದೆ ನಾನು. ಬೂಟು ಬಿಚ್ಚಿ, ಹೊದಿಕೆ ಕೊಡವಿ, ದಿಂಬು ತಟ್ಟಿ, ಮೇಜು ಒರೆಸಿ, ಲೋಟ ತೊಳೆದು ಕವುಚಿಟ್ಟು, ನೆಲ ಗುಡಿಸಿ, ಇಷ್ಟೂ ಆದ ಮೇಲೆ ಅಕ್ಕಾ ಎಂದು ಕರೆದದ್ದು. ಇಪ್ಪತ್ತು ವರ್ಷದಿಂದ ಲಾಡ್ಜಿನಲ್ಲಿ ಇದೇ ಕೆಲಸ, ರೂಮಿನಲ್ಲಿ ಇದ್ದು ಹೋದವರ ಗುರುತೇ ಉಳಿಯಬಾರದು, ಬರುವವರಿಗೆ ತಾವೇ ಮೊದಲಿಗರು ಅನ್ನಿಸಬೇಕು ಕಣಯ್ಯಾ ಎನ್ನುತ್ತಿದ್ದರು ಮ್ಯಾನೇಜರು, ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಇವನ ಹೊಟ್ಟೆಪಾಡಿನ ಗುಣವೂ ಹೋಗಲಿಲ್ಲ. ಹೊದಿಕೆ ಮೊದಲು ಹೇಗಿತ್ತು, ಯಾರೋ ಮಲಗಿ ಎದ್ದ ಹಾಗೆ ಮುದ್ದೆಯಾಗಿತ್ತೇ, ದಿಂಬು ಯಾವ ಕಡೆಗಿತ್ತು, ತಲೆಯ ಕಡೆಗೋ ಕಾಲಿನ ಕಡೆಗೋ, ನೆನಪಿಲ್ಲ, ಕೈ ನೋಡಿತ್ತು, ಕಣ್ಣು ನೋಡಿರಲಿಲ್ಲ. ಲೋಟದ ತಳದಲ್ಲಿ ಚಹಾ ಇತ್ತು, ಗಾರ್ಡ್ ಚಹಾ ಕುಡಿಯುವುದಿಲ್ಲವೇ, ಜಗತ್ತಿನಲ್ಲಿ ಎಲ್ಲರೂ ಚಹಾ ಕುಡಿಯುತ್ತಾರೆ.

ಬೂಟು. ಅಕ್ಕನ ಎಡಗಾಲಿನ ಬೂಟನ್ನು ಬೆಳಿಗ್ಗೆ ಮಂಚದ ಕೆಳಗೆ ಇಟ್ಟಿದ್ದ, ಬಗ್ಗಿ ನೋಡಿದ, ಇಲ್ಲ, ಬರೀ ನೆಲ, ಜೀವ ಬಂದಂತಾಯಿತು, ಬೂಟಿಲ್ಲ, ಚೀಲವಿಲ್ಲ, ಇದು ಮೂರನೆಯದೇ. ಆದರೆ ಚೀಲ ಬಿಟ್ಟು ಪಕ್ಕದ ಅಂಗಡಿಗೂ ಹೋಗುವವಳಲ್ಲ ಅಕ್ಕ, ಹಾಕಲಾಗದ ಬೂಟನ್ನೂ ಬಿಟ್ಟು ಹೋಗುವವಳಲ್ಲ, ದುಡ್ಡು ಕೊಟ್ಟು ತಂದದ್ದು ಕಣೋ ಎಂದು ಚೀಲಕ್ಕೆ ತುರುಕಿಕೊಳ್ಳುತ್ತಾಳೆ. ಹೋಗುವವಳಲ್ಲ, ಯಾಕೆ ಹೋಗುತ್ತಾಳೆ, ಕದಲಬೇಡ ಎಂದಿದ್ದೇನೆ, ಎಂದಿದ್ದಕ್ಕೇನು, ಅವಳು ಯಾವತ್ತು ಮಾತು ಕೇಳಿದ್ದಾಳೆ. ಅಮ್ಮ ಹೋದಾಗಿನಿಂದ ಅವನು ತಡಮಾಡಿದರೆ ಹುಡುಕಿಕೊಂಡು ಬರುವವಳು ಅವಳೇ, ಶಾಲೆಗೆ ಬಂದಳು, ಸಿನಿಮಾ ಮಂದಿರದ ಮುಂದೆ ಬಂದು ನಿಂತಳು, ಮೀಸೆ ನರೆತ ಮೇಲೂ ಒಂದು ಸಲ ಲಾಡ್ಜಿನ ಬಾಗಿಲಿಗೆ ಬಂದು ನಮ್ಮ ಹುಡುಗ ಇನ್ನೂ ಮನೆಗೆ ಬಂದಿಲ್ಲ ಎಂದಿದ್ದಳು, ಮ್ಯಾನೇಜರು ವಾರಗಟ್ಟಲೆ ಹುಡುಗ ಹುಡುಗ ಎಂದು ಕಾಡಿದ್ದರು, ಅವನಿಗೆ ಸಿಟ್ಟು ಬಂದಿತ್ತು. ಈಗ ಸಿಟ್ಟಲ್ಲ, ಹೆದರಿಕೆ. ಮಂಜು ಕಂಡಿರುತ್ತಾಳೆ, ಬಾಗಿಲಿಗೆ ಬಂದು ಕೂಗಿರುತ್ತಾಳೆ, ಅವನಿಗೆ ಕೇಳಿಸಿಲ್ಲ, ಆಮೇಲೆ — ಆಮೇಲೇನಿಲ್ಲ, ಇದು ಮೂರನೆಯದು, ಅಲ್ಲಿ ಅಕ್ಕ ಕಾಲು ದಿಂಬಿನ ಮೇಲಿಟ್ಟುಕೊಂಡು ಇವನಿಗೆ ಬೈಯುತ್ತಾ ಮಲಗಿದ್ದಾಳೆ.

ಲೋಟ ತೊಳೆದ ನೀರು ಬೋಗುಣಿಯಲ್ಲಿ ಹಾಗೇ ಇತ್ತು, ಅದನ್ನಾದರೂ ಚೆಲ್ಲೋಣವೆಂದು ಹಿಂಬಾಗಿಲು ತೆರೆದ, ಬೆಳಿಗ್ಗೆ ಹೊರಟದ್ದು ಹಿಂಬಾಗಿಲಿನಿಂದ, ಎರಡನೆಯದರಲ್ಲಿ ಮೇಲಿನ ದಾರಿ ಅಲ್ಲಿಂದಲೇ, ಈಗ ಒಳಗೆ ಬಂದದ್ದು ಮುಂಬಾಗಿಲಿನಿಂದ. ಮೆಟ್ಟಿಲ ಕೆಳಗೆ ಹಸಿ ಮಣ್ಣು, ಮಣ್ಣಿನಲ್ಲಿ ದೊಡ್ಡ ಬೂಟಿನ ಗುರುತು, ಒಂದೇ ಜೊತೆ, ಮೇಲಕ್ಕೆ ಹೋದದ್ದು, ಹಿಮ್ಮಡಿಯ ಸವೆತ ಅವನದೇ. ಅದನ್ನು ಅಲ್ಲಲ್ಲಿ ತುಳಿದುಕೊಂಡು ಇನ್ನೊಂದು ಸಾಲು, ಪಕ್ಕದಲ್ಲಿ ಊರಿದ ಕೋಲಿನ ತೂತು, ಆ ಸಾಲೂ ಮೇಲಕ್ಕೇ, ಅವನು ಹೋದ ಕಡೆಗೇ, ಮಂಜಿನೊಳಕ್ಕೆ. ಬೋಗುಣಿ ಕೈಯಲ್ಲೇ ಇದೆ, ಚೆಲ್ಲಬಾರದು, ಇದನ್ನು ಅಳಿಸಬಾರದು. ಬಲಕ್ಕೆ ಬೂಟು. ಎಡಕ್ಕೆ ಬರಿಗಾಲು, ಐದೂ ಬೆರಳು. ಬೂಟು, ಬರಿಗಾಲು. ಬೂಟು, ಬರಿಗಾಲು.