ಒಡೆದವನೇ ಹೊತ್ತು ತರಲಿ

"ಇಷ್ಟೊಂದು ಗಾಜು ಇದರೊಳಗೆ ಎಲ್ಲಿತ್ತು?"

ಮಂಗಳಗೌರಿ ಕೇಳಿದ್ದು ಯಾರನ್ನೂ ಅಲ್ಲ. ಕೈಯಲ್ಲಿ ಪೊರಕೆ, ಕಾಲ ಬಳಿ ಮೊರ. ಪಡಸಾಲೆಯಲ್ಲಿ ಬೇರೊಂದು ನರಪಿಳ್ಳೆ ಇರಲಿಲ್ಲ. ಗುಡಿಸಿದಷ್ಟೂ ಗಾಜು ಬರುತ್ತಲೇ ಇತ್ತು. ಮಂಚದ ಕೆಳಗೆ, ಹೊಸ್ತಿಲ ಸಂದಿಯಲ್ಲಿ, ದೇವರ ಗೂಡಿನಲ್ಲಿಟ್ಟ ಅಕ್ಷತೆಯ ಬಟ್ಟಲಲ್ಲೂ ಗಾಜು. ಅದರ ಜೊತೆ ರಕ್ತವೂ ಒಣಗಿ ನೆಲ ಕಚ್ಚಿಕೊಂಡಿತ್ತು. ಅದು ಪೊರಕೆಗೆ ಬರುವಂಥದ್ದಲ್ಲ, ನೀರು ಹಾಕಿ ತಿಕ್ಕಬೇಕು.

ಹಿಂದಿನ ಸಂಜೆ ನಡೆದದ್ದು ಅದು. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ದಾರಿಯ ಕಟ್ಟೆಕೊಪ್ಪಲಿನಲ್ಲಿ ಶ್ರಾವಣ ಬಂತೆಂದರೆ ಹೊಗೆಸೊಪ್ಪಿನ ಕಾಲ. ಹಗಲೆಲ್ಲ ಎಲೆ ಮುರಿಯುವುದು, ಸಂಜೆ ಅದನ್ನು ಕೋಲಿಗೆ ಕಟ್ಟುವುದು, ಆಮೇಲೆ ಎಲೆ ಹದಮಾಡುವ ಗೂಡುಮನೆ, ಅಂದರೆ ಬ್ಯಾರನ್ನಿನೊಳಗೆ ನೇತುಹಾಕಿ ಬೆಂಕಿ ಕೊಡುವುದು. ಗೌರಿಯ ಗಂಡ ನಟರಾಜು ಲಾರಿ ಓಡಿಸುವವನು, ಶುಂಠಿ ತುಂಬಿಕೊಂಡು ಕೇರಳಕ್ಕೆ ಹೋಗಿದ್ದ. ಮಗಳು ರಮ್ಯಾ ಹುಣಸೂರಿನ ಕಾಲೇಜಿಗೆ ಹೋಗುತ್ತಿದ್ದಳು. ಅವಳ ಓದಿಗೆಂದು ತಂದ ಕಂಪ್ಯೂಟರಿನಲ್ಲಿ ಸಂಜೆ ಹೊತ್ತು ಗೌರಿ ಪಾರಾಯಣದ ಸಿ.ಡಿ. ಹಾಕುತ್ತಿದ್ದಳು. ಕೇರಿಯ ಹೆಂಗಸರು ಎಲೆ, ಕೋಲು, ದಾರ ತಂದು ಅವಳ ಪಡಸಾಲೆಯಲ್ಲೇ ಕೂತು ಕಟ್ಟುತ್ತ ಕೇಳುತ್ತಿದ್ದರು.

ಆ ಸಂಜೆ ಕಾಳಗದ ಪ್ರಸಂಗ. ಗಮಕಿಯ ಕಂಠ ಬಾಣದ ಮೇಲೆ ಬಾಣ ಹೂಡುತ್ತಿತ್ತು. ಗೌರಿಗೆ ದಾಯಾದಿ ಭಾವನಾಗಬೇಕಾದ ಕಂಠಪ್ಪನ ಹೆಂಡತಿ ಪುಟ್ಟತಾಯಮ್ಮ ಕಂಪ್ಯೂಟರಿನ ಮೇಜಿಗೆ ಒರಗಿ, ಕಣ್ಣು ಅರೆಮುಚ್ಚಿ, ತುಟಿಯಲ್ಲೇ ಪದ್ಯ ಹಿಡಿದು ಹೇಳಿಕೊಳ್ಳುತ್ತಿದ್ದಳು. ಕಂಠಪ್ಪ ಬಾಗಿಲಲ್ಲಿ ಬಂದು ನಿಂತದ್ದನ್ನು ಅವಳು ನೋಡಲಿಲ್ಲ. ಅವನ ಕೈಯಲ್ಲಿ ಹಾರೆ ಇತ್ತು.

"ಬ್ಯಾರನ್ನಿಗೆ ಸೌದೆ ಹಾಕೋರು ಯಾರಮ್ಮಿ, ನಿಮ್ಮಪ್ಪನಾ?"

ಮೊದಲನೇ ಏಟು ಅವಳ ಎಡಗೈಗೆ ಬಿತ್ತು. ಒಣಸೌದೆ ಮುರಿದ ಸದ್ದಾಯಿತು. ಎರಡನೇದು ತಲೆಗೇ ಬರುತ್ತಿತ್ತು. ಅವಳು ಕುಸಿದದ್ದರಿಂದ ಹಾರೆ ಅವಳ ನೆತ್ತಿ ಸವರಿಕೊಂಡು ಹೋಗಿ ಪರದೆಯೊಳಕ್ಕೆ ನುಗ್ಗಿತು. ಪಿಕ್ಚರ್ ಟ್ಯೂಬು ಗರ್ನಾಲಿನಂತೆ ಸಿಡಿಯಿತು. ಹೆಂಗಸರು ಎಲೆಯ ಮೇಲೆ ಎಲೆಯಾಗಿ ಬಿದ್ದರು. ಗುರಿ ತಪ್ಪಿದ ಸಿಟ್ಟಿಗೆ ಮೂರನೇ ಏಟನ್ನು ಮೇಜಿನ ಕೆಳಗಿದ್ದ ಕಂಪ್ಯೂಟರಿನ ಡಬ್ಬಕ್ಕೆ ಇಳಿಸಿದ. ಪದ್ಯ ನಡುಪಾದದಲ್ಲೇ ನಿಂತಿತು.

ಪುಟ್ಟತಾಯಮ್ಮ ಅರಚಲಿಲ್ಲ. ಅರಚಿದರೆ ಇನ್ನೊಂದು ಬೀಳುತ್ತದೆಂದು ಅವಳಿಗೆ ರೂಢಿಯಿಂದ ಗೊತ್ತಿತ್ತು. ಅದು ಗೌರಿಗೆ ಗೊತ್ತಾದದ್ದು ಆಗಲೇ.

ಮಾರನೆಯ ಬೆಳಿಗ್ಗೆ ಮಾರಿಗುಡಿಯ ಜಗಲಿಯ ಮೇಲೆ ನ್ಯಾಯ ಸೇರಿತು. ಯಜಮಾನ ಗಂಗಾಧರಪ್ಪ ಎಲೆಯಡಿಕೆ ಉಗಿದು ಬಂದು ಹೇಳಿದರು:

"ಒಡ್ದಿದ್ದು ಕಂಠಪ್ಪ. ಒಡೆದವನೇ ಹೊತ್ತು ತರ್ಲಿ. ಅಂಥದ್ದೇ ಇನ್ನೊಂದು, ಮನೇಲಿ ದಿನಾ ಬಳಸಾಕೆ ತಕ್ಕಂಗಿರೋದು, ಅವನ ಕೈಮೀರ್ದಂಗೆ. ಆರ್ಸೋಳು ಗೌರಿ. ಬಸ್ಸು ಇಳ್ದು ಮನೆಗಂಟ ತಲೆ ಮೇಲೆ ಹೊತ್ಕಂಡು ಬರ್ಬೇಕು. ಬಂದ್ಮೇಲೆ ಗೌರಿ ಅವನ ಬೊಗಸೆಗೆ ನೀರು ಬುಡ್ಬೇಕು. ಅವನು ನೀರು ಕುಡುದ್ರೆ ಜಗಳ ಮುಗೀತು. ಪುಟ್ಟತಾಯಿ ಅವನ ಹಿಂದೆ ಅವನ ಮನೆಗೆ ಹೋಗ್ಬೇಕು."

"ಕೈ ಮುರ್ದಿದ್ದು?" ಎಂದಳು ಗೌರಿ.

"ಅದು ಗಂಡ ಹೆಂಡ್ತಿ ಇಚಾರ ಕಣವ್ವ. ಊರು ಅದ್ರಾಗೆ ಬಾಯಿ ಹಾಕಾಕಿಲ್ಲ. ಕಂಪ್ಯೂಟ್ರು ನಿಂದು, ಅದ್ಕೆ ನ್ಯಾಯ ಹೇಳಿದ್ದೀವಿ."

ಅದು ತಾತ ಮುತ್ತಾತರ ಕಾಲದ ಕಟ್ಟು. ನೇಗಿಲು ಮುರಿದವನು ನೇಗಿಲು ಹೊತ್ತು ತಂದದ್ದುಂಟು, ಹಂಡೆ ಒಡೆದವನು ಹಂಡೆ ಹೊತ್ತು ತಂದದ್ದುಂಟು. ನೀರು ಕುಡಿಯುವ ತನಕ ಒಡೆದವನ ಹೊಲಕ್ಕೆ ಯಾರೂ ಕೆಲಸಕ್ಕೆ ಕೆಲಸ ತೀರಿಸುವ ಮುಯ್ಯಾಳಾಗಿ ಹೋಗುವಂತಿಲ್ಲ. ಬದಲಿ ತಂದ ಮೇಲೂ ನೀರು ಕೊಡದ ಮನೆಗೂ ಅದೇ ಶಿಕ್ಷೆ. ಹೊಗೆಸೊಪ್ಪಿನ ಕಾಲದಲ್ಲಿ ಮುಯ್ಯಾಳಿಲ್ಲದ ಮನೆಯ ಎಲೆ ಗಿಡದಲ್ಲೇ ಸುಟ್ಟುಹೋಗುತ್ತದೆ. ಕಂಠಪ್ಪನ ಹೊಲದಲ್ಲೂ ಎಲೆ ಹಣ್ಣಾಗಿತ್ತು, ಗೌರಿಯ ಹೊಲದಲ್ಲೂ.

ಹಾಗಾಗಿ ಕಂಠಪ್ಪನಿಗೆ ಅವಸರ. ಗೌರಿಗೆ ಅವಸರವಿರಲಿಲ್ಲ. ತನ್ನ ಮನೆಯ ಒಳಕೋಣೆಯಲ್ಲಿ ಹಾಸಿದ ಚಾಪೆಯ ಮೇಲೆ ಕೈಗೆ ಪಟ್ಟು ಕಟ್ಟಿಸಿಕೊಂಡು ಮಲಗಿದ್ದ ಪುಟ್ಟತಾಯಮ್ಮನನ್ನು ನೋಡಿ ಅವಳು ಮನಸ್ಸಿನಲ್ಲೇ ಒಂದು ಗಂಟು ಹಾಕಿಕೊಂಡಳು. ಕಂಪ್ಯೂಟರ್ ಆರಿಸುವ ತನಕ ನೀರಿಲ್ಲ. ನೀರಿಲ್ಲದ ತನಕ ಈ ಜೀವಕ್ಕೆ ಏಟಿಲ್ಲ. ಆರಿಸದೆ ಇದ್ದರಾಯಿತು.

ಮಾರನೆಯ ದಿನ ಕಂಠಪ್ಪ, ಗೌರಿ ಇಬ್ಬರೂ ಹುಣಸೂರಿನ ಬಸ್ಸು ಹತ್ತಿದರು. ಅವನು ಮುಂದೆ, ಅವಳು ಹಿಂದೆ.

ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯ ವಸಂತ್ ಮಾತುಗಾರ. ಮೊದಲು ಕೇಳಿದ್ದೇ, "ಮನೇಲಿ ಏನಕ್ ಬೇಕಮ್ಮ?"

"ಮಗಳ ಓದಿಗೆ. ಟೈಪ್ ಮಾಡ್ತಾಳೆ. ಸಂಜೆ ಹೊತ್ತು ಸಿ.ಡಿ. ಕೇಳಾಕೆ."

"ಅಷ್ಟಕ್ಕೆ ದೊಡ್ಡದು ಯಾಕಮ್ಮ? ಆಟಗೀಟ ಆಡೋರು ದುಡ್ಡು ಸುರೀತಾರೆ. ನಿಮಗೆ ನಾನೇ ಜೋಡ್ಸಿರೋ ಈ ಡಬ್ಬ ಸಾಕು. ಒಳಗೆಲ್ಲ ಹೊಸ ಸಾಮಾನು. ಮಾನಿಟರು ಸೆಕೆಂಡ್ ಹ್ಯಾಂಡ್ ಹಾಕ್ಕೊಡ್ತೀನಿ, ಉಳಿದಿದ್ರಲ್ಲಿ ಯು.ಪಿ.ಎಸ್. ಹಾಕುಸ್ಕಳಿ. ನಿಮ್ಮ ಕಡೆ ಕರೆಂಟಿಗೆ ಅದಿಲ್ದಿದ್ರೆ ಒಂದು ಮಳೆಗಾಲ ತಡೆಯಾಕಿಲ್ಲ."

ಕೆಲಸ ಬಲ್ಲವನ ಮಾತು ಅದು ಎಂದು ಗೌರಿಗೆ ಅನಿಸಿತು. ಆದರೂ ಪರದೆ ನೋಡಿ, "ಮಿಣಿಮಿಣಿ ಅಂತದೆ" ಅಂದಳು. ವಸಂತ್ ಅದನ್ನು ತೆಗೆದು ಬೇರೊಂದು ಇಟ್ಟ. "ಫ್ಯಾನು ಗುಂಯ್ ಅಂತದೆ, ಪದ್ಯ ಕೇಳ್ಸಾಕಿಲ್ಲ." ಫ್ಯಾನು ಬದಲಾಯಿಸಿದ. ಹೇಳಲು ಬೇರೇನೂ ಉಳಿಯದೆ, "ಕಪ್ಪು ಬಣ್ಣ ನಮ್ಮನೆಗೆ ಆಗಿಬರಾಕಿಲ್ಲ" ಅಂದಳು.

"ಎಮ್ಮೆ ಕಪ್ಪಗಿದೆ ಅಂತ ಯಾರಾದ್ರೂ ಹಾಲು ಬ್ಯಾಡ ಅಂತಾರೇನಮ್ಮ?" ಎಂದು ವಸಂತ್ ನಕ್ಕ.

ಸ್ಟೂಲಿನ ಮೇಲೆ ಕೂತಿದ್ದ ಕಂಠಪ್ಪ ನಗಲಿಲ್ಲ. ಮೇಜಿನ ಮೇಲಿನ ತಿರುಪುಳಿಯನ್ನು ತೆಗೆದುಕೊಂಡು ಅದರ ಮೊನೆಯಿಂದ ಸ್ಟೂಲಿನ ಕಾಲು ಕೆತ್ತುತ್ತ, "ಹೆಣ್ಣು ನೋಡಾಕ್ ಬಂದ ಬೀಗಿತ್ತಿ ತರ ಆಡ್ತೀಯಲ್ಲಮ್ಮಿ. ಮೂಗು ಚಪ್ಪಟೆ, ಹಲ್ಲು ಉಬ್ಬು" ಅಂದ. ಮರದ ಚಕ್ಕೆ ಒಂದೊಂದೇ ನೆಲಕ್ಕೆ ಬೀಳುತ್ತಿತ್ತು. ವಸಂತ್ ಮೆಲ್ಲಗೆ ಆ ತಿರುಪುಳಿ ಈಸಿಕೊಂಡು ಡ್ರಾಯರಿಗೆ ಹಾಕಿದ.

ಇನ್ನೊಂದು ಅಂಗಡಿಗೆ ಹೋದರು. ಅಲ್ಲಿ ಪೆಟ್ಟಿಗೆಯಲ್ಲೇ ಬರುವ ಕಂಪನಿ ಮಾಲು. ಗೌರಿ ಅದನ್ನೂ ಬೇಡವೆಂದಳು. ಹೀಗೇ ಹೊತ್ತು ಇಳಿದರೆ ಇವತ್ತಿನ ದಿನ ಕಳೆಯಿತು, ನಾಳೆ ಕೆ.ಆರ್. ನಗರದಲ್ಲಿ ನೋಡೋಣ ಅಂದರಾಯಿತು, ಆಮೇಲೆ ಮೈಸೂರು ಇದ್ದೇ ಇದೆ. ಹಾಗೆಂದು ಲೆಕ್ಕ ಹಾಕುತ್ತಲೇ ಅವಳು ಅಂಗಡಿಯ ಮೆಟ್ಟಿಲಿಳಿದಳು.

ಕೆಳಗೆ ಆಟೋ ನಿಲ್ಲಿಸಿಕೊಂಡಿದ್ದವನೊಬ್ಬ ಬೀಡಿ ಬಾಯಿಂದ ತೆಗೆದು, "ಏನ್ ಗೌಡ್ರೇ, ಯಜಮಾನ್ತಿ ಎಲ್ಲಾ ಅಂಗ್ಡೀಗೂ ಹತ್ಸಿ ಇಳುಸ್ತಾವ್ರೆ? ಜೋಬು ಭದ್ರ" ಅಂದ. ಬರೀ ತಮಾಷೆ. ಬೇರೆ ಯಾರಾದರೂ ಆಗಿದ್ದರೆ ನಕ್ಕು ಮುಂದೆ ಹೋಗುತ್ತಿದ್ದರು.

ಕಂಠಪ್ಪ ಅವನ ಕತ್ತಿನ ಪಟ್ಟಿ ಹಿಡಿದು ಆಟೋದಿಂದ ಈಚೆಗೆ ಎಳೆದ. ಒಂದು ಗುದ್ದು ಮೂಗಿಗೆ. ಇನ್ನೊಂದು ಅದರ ಕೆಳಗೆ ಬಾಯಿಗೆ. ಅವನು ಬಗ್ಗಿದಾಗ ಕೂದಲು ಹಿಡಿದು ಹಣೆಯನ್ನು ಆಟೋದ ಕಬ್ಬಿಣದ ಕಂಬಿಗೆ ಬಡಿದ. ಬಡಿದ ಜಾಗದಲ್ಲೇ ಮತ್ತೆ ಬಡಿದ. ಬಿಳಿ ಅಂಗಿಯ ಮೇಲೆ ರಕ್ತ ಕುಂಕುಮದ ನೀರು ಚೆಲ್ಲಿದಂತೆ ಇಳಿಯಿತು. ಜನ ಓಡಿ ಬಂದು ಬಿಡಿಸುವಷ್ಟರಲ್ಲಿ ಆ ಮನುಷ್ಯ ರಸ್ತೆಯ ಮೇಲೆ ಮಂಡಿಯೂರಿ, ಮುರಿದ ಹಲ್ಲನ್ನು ಅಂಗೈಯಲ್ಲಿ ಹಿಡಿದು ಪಿಳಿಪಿಳಿ ನೋಡುತ್ತಿದ್ದ.

ಗೌರಿ ನೋಡಿದ್ದು ಆಟೋದವನನ್ನಲ್ಲ, ಕಂಠಪ್ಪನ ಮುಖವನ್ನು. ಅದರಲ್ಲಿ ಸಿಟ್ಟೇ ಇರಲಿಲ್ಲ. ಸೌದೆ ಸೀಳುವವನ ಮುಖ ಅದು. ಕೊಡಲಿ ಎಲ್ಲಿ ಇಳಿದರೆ ಸಲೀಸಾಗಿ ಸೀಳುತ್ತದೆ ಎಂಬುದಷ್ಟೇ ಅವನ ಗಮನ. ಕಾಳಗದ ಪದ್ಯಗಳನ್ನು ಅವಳು ಹುಟ್ಟಿದಾಗಿನಿಂದ ಕೇಳಿದವಳು. ಅದರಲ್ಲಿ ಹೊಡೆಯುವವನು ಗರ್ಜಿಸುತ್ತಾನೆ, ಹಲ್ಲು ಕಡಿಯುತ್ತಾನೆ, ಕಣ್ಣಲ್ಲಿ ಕಿಡಿ ಕಾರುತ್ತಾನೆ. ಹೀಗೆ ತಣ್ಣಗೆ ಹೊಡೆಯುವವನ ಬಗ್ಗೆ ಯಾವ ಗಮಕಿಯೂ ಓದಿ ಹೇಳಿರಲಿಲ್ಲ.

ಜನ ಅವನನ್ನು ದಬ್ಬಿ ದೂರ ಕಳಿಸಿದರು. ಮರದ ಕೆಳಗೆ ನಿಂತು ಅವನು ಟವಲಿನಿಂದ ಬೆರಳಿನ ಸಂದಿಯ ರಕ್ತ ಒರೆಸಿಕೊಂಡ. ಆಮೇಲೆ ಮನೆಯ ಮಾತಾಡುವವನಂತೆ ಹೇಳಿದ:

"ನಿನ್ ಆಟ ನಂಗೊತ್ತಿಲ್ಲ ಅನ್ಕಂಡಿದ್ದೀಯಾ ಗೌರಿ? ನೀನು ಬ್ಯಾಡ ಅನ್ನು. ಇನ್ನೂ ಅನ್ನು. ಒಂದೊಂದು ಬ್ಯಾಡಕ್ಕೂ ಅವಳ ಮೈಮ್ಯಾಲೆ ಒಂದೊಂದು ಬರೆ ಬತ್ತದೆ. ಇವತ್ತಲ್ಲ ನಾಳೆ ಬರ್ಲೇಬೇಕು ಅವಳು. ಬೆಳುಗ್ಗೆಯಿಂದ ಅಂದಿರೋದೆಲ್ಲ ತಲೇಲಿ ಇಟ್ಕಂಡಿವ್ನಿ."

ಬೆಳಿಗ್ಗೆಯಿಂದ ಅಂದದ್ದನ್ನೆಲ್ಲ ಗೌರಿ ನೆನೆದಳು. ಮಿಣಿಮಿಣಿ ಅಂದದ್ದು, ಗುಂಯ್ ಅಂದದ್ದು, ಕಪ್ಪು ಅಂದದ್ದು. ಗುರಾಣಿ ಅಂತ ತಾನು ಎತ್ತಿ ಹಿಡಿದದ್ದನ್ನೇ ಈ ಮನುಷ್ಯ ಕಸಿದು ದೊಣ್ಣೆ ಮಾಡಿಕೊಂಡಿದ್ದ.

"ಮೊದ್ಲನೇ ಅಂಗ್ಡೀದೇ ಇರ್ಲಿ ನಡೀರಿ ಭಾವ" ಅಂದಳು.

ವಸಂತ್ ಮತ್ತೆ ಎಲ್ಲ ಜೋಡಿಸಿ ತೋರಿಸಿದ. ಈ ಸಲ ಗೌರಿ ನಿಜವಾಗಿ ನೋಡಿದಳು. ಸಿ.ಡಿ. ಹಾಕಿಸಿ ಕೇಳಿದಳು, ರಮ್ಯಾಳ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿಸಿದಳು, ವೈರು ಕಿತ್ತು ಯು.ಪಿ.ಎಸ್. ಎಷ್ಟು ಹೊತ್ತು ತಡೆಯುತ್ತದೆಂದು ನಿಂತು ನೋಡಿದಳು. ಒಳ್ಳೆಯ ಯಂತ್ರ. ಕುಂದು ಹುಡುಕಿದರೂ ಸಿಗುವಂತಿರಲಿಲ್ಲ. ಕಂಠಪ್ಪ ದುಡ್ಡು ಎಣಿಸಿಕೊಟ್ಟ. ಮಾನಿಟರಿನ ಪೆಟ್ಟಿಗೆಗೆ ತನ್ನ ಟವಲನ್ನೇ ಸುತ್ತಿದ, ಮೂಲೆಗಳಿಗೆ ರಟ್ಟು ತುರುಕಿದ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಹಳ್ಳ ಬಂದಲ್ಲೆಲ್ಲ ಎರಡೂ ಕೈಯಿಂದ ತಬ್ಬಿ ಹಿಡಿದ. ಪಕ್ಕದವನ ಮೊಣಕೈ ತಾಗಿದರೆ, "ಮೆಲ್ಲಗೆ ಸ್ವಾಮಿ, ಸೂಕ್ಷ್ಮದ ಸಾಮಾನು" ಅನ್ನುತ್ತಿದ್ದ. ಆ ಬೆರಳುಗಳ ಗೆಣ್ಣಿನ ಮೇಲೆ ಆಟೋದವನ ಹಲ್ಲಿನ ಗುರುತು ಹಸಿಯಾಗಿಯೇ ಇತ್ತು.

ಊರ ದಾರಿ ತಿರುಗುವ ಗೇಟಿನಲ್ಲಿ ಬಸ್ಸಿಳಿದು ಅವನು ಮಾನಿಟರಿನ ಪೆಟ್ಟಿಗೆಯ ಮೇಲೆ ಡಬ್ಬವಿಟ್ಟು, ಸಿಂಬಿ ಸುತ್ತಿ ತಲೆಗೆ ಏರಿಸಿಕೊಂಡ. ಉಳಿದ ಸಾಮಾನಿನ ಚೀಲ ಗೌರಿಯ ಕೈಯಲ್ಲಿತ್ತು. ಊರು ನೋಡುತ್ತ ನಿಂತಿತು. ಬ್ಯಾರನ್ನುಗಳ ಹೊಗೆಯ ನಡುವೆ ಅವನು ಎಡವದೆ, ಕತ್ತು ಅಲುಗಿಸದೆ ನಡೆದ. "ಹೊರೆ ಹೊತ್ರೆ ಕಂಠಪ್ಪನಂಗೆ ಹೊರ್ಬೇಕು" ಎಂದು ಯಾರೋ ಜಗಲಿಯಿಂದ ಮೆಚ್ಚಿಕೊಂಡರು.

ಗೌರಿಯ ಮನೆಯ ಮುಂದೆ ಗಂಗಾಧರಪ್ಪ ನಾಲ್ಕು ಜನರ ಜೊತೆ ಕಾಯುತ್ತಿದ್ದರು. ರಮ್ಯಾ ವೈರುಗಳನ್ನು ಸಿಕ್ಕಿಸಿದಳು. ಪರದೆ ಬೆಳಗಿತು. ಒಬ್ಬರಾದ ಮೇಲೊಬ್ಬರು ಇಣುಕಿ ನೋಡಿ ತಲೆದೂಗಿದರು.

"ಒಪ್ಪಿಗೇನವ್ವ?" ಎಂದರು ಗಂಗಾಧರಪ್ಪ.

"ಕಂಪ್ಯೂಟ್ರು ಚೆನ್ನಾಗದೆ" ಅಂದಳು ಗೌರಿ.

"ಮತ್ತೇನು, ನೀರು ತಾ."

ಪುಟ್ಟತಾಯಮ್ಮ ಆಗಲೇ ಎದ್ದಿದ್ದಳು. ಪಟ್ಟು ಕಟ್ಟಿದ ಕೈಯನ್ನು ಸೆರಗಿನೊಳಗೆ ಅಡಗಿಸಿಕೊಂಡು, ಒಂದೇ ಕೈಯಲ್ಲಿ ಸೀರೆಯ ಗಂಟು ಕಂಕುಳಿಗೆ ಸಿಕ್ಕಿಸಿಕೊಂಡು, ಅದೇ ಕೈಯಲ್ಲಿ ಹಂಡೆಯಿಂದ ಚೊಂಬಿಗೆ ನೀರು ತುಂಬಿ ತಂದಳು. ಯಾರಿಗೂ ತೊಂದರೆ ಬೇಡ ಅನ್ನುವಂತೆ ಅದನ್ನು ಗೌರಿಯತ್ತ ಚಾಚಿದಳು. ಚೊಂಬು ವಾಲಿ ನೀರು ಅವಳ ಕಾಲ ಮೇಲೆಯೇ ಚೆಲ್ಲುತ್ತಿತ್ತು.

"ಕೊಟ್ಬುಡು ಗೌರಿ" ಎಂದು ಪಿಸುಗುಟ್ಟಿದಳು. "ತಡ ಆದಷ್ಟೂ ನಂಗೇ ಕಣವ್ವ."

ಗೌರಿ ಚೊಂಬು ಈಸಿಕೊಂಡಳು. ಹೊಸ್ತಿಲಾಚೆ ಕಂಠಪ್ಪ ಸೊಂಟ ಬಗ್ಗಿಸಿ, ಎರಡು ಕೈಯನ್ನೂ ಬೊಗಸೆ ಮಾಡಿ ಚಾಚಿದ. ಕಟ್ಟಿನ ಪ್ರಕಾರ ಬಾಯಿಬಿಟ್ಟು ಕೇಳಬೇಕು.

"ಒಡೆದದ್ದು ತಂದಿವ್ನಿ. ನೀರು ಕೊಡವ್ವ."

ಗೌರಿಯ ಕಣ್ಣ ಮುಂದೆ ತನ್ನ ಹೊಲದ ಹಣ್ಣೆಲೆ ಬಂತು. ಕೇರಳದಿಂದ ಬರಬೇಕಾದ ನಟರಾಜು ಬಂದು ಏನನ್ನುತ್ತಾನೋ. ನೀರು ಕೊಡದಿದ್ದರೆ ನಾಳೆಯಿಂದ ಈ ಪಡಸಾಲೆಗೆ ಒಬ್ಬ ಹೆಂಗಸೂ ಎಲೆ ಕಟ್ಟಲು ಬರುವುದಿಲ್ಲ. ಅವಳು ಬೊಗಸೆಯನ್ನು ನೋಡಿದಳು. ಅಗಲವಾದ, ಗಟ್ಟಿಯಾದ, ಒಂದಿಷ್ಟೂ ನಡುಗದ ಕೈಗಳು.

"ಯಾಕವ್ವ ನಿಂತ್ಕಂಡೆ? ಬುಡು ನೀರ" ಎಂದರು ಗಂಗಾಧರಪ್ಪ. "ಕೊಡ್ದಿದ್ರೆ ಏನಾಗ್ತದೆ ಅಂತ ಗೊತ್ತಲ್ಲ."

"ಗೊತ್ತು ಕಣ್ರಪ್ಪ."

ಅವಳು ಚೊಂಬನ್ನು ಹೊಸ್ತಿಲ ಒಳಗಡೆ ನೆಲಕ್ಕಿಟ್ಟಳು. ಪುಟ್ಟತಾಯಮ್ಮನ ಕಂಕುಳಿನ ಗಂಟನ್ನು ಎಳೆದುಕೊಂಡು ತನ್ನ ಹಿಂದಕ್ಕೆ ಎಸೆದಳು.

"ಕೊಡಾಕಿಲ್ಲ ಭಾವ. ನೀರೂ ಕೊಡಾಕಿಲ್ಲ, ತಾಯಕ್ಕನ್ನೂ ಕಳ್ಸಾಕಿಲ್ಲ."