ಮುಳ್ಳು ನಿಂತ ಜಾಗ

ಬೆಳಗಿನ ಮಂಜಿಗೆ ಕಲ್ಲಿದ್ದಲ ಹೊಗೆ ಬೆರೆತು ಲೈಪ್‌ಜಿಗ್‌ನ ಗೋಪುರಗಳೆಲ್ಲ ಮಾಯ, ಪ್ರಯೋಗಶಾಲೆಯ ಕಿಟಕಿಗೆ ಹಣೆ ಹಚ್ಚಿ ನಿಂತ ವೆಂಡೆಲಿನ್‌ಗೆ ಗಾಜಿನ ತಂಪು ಹಿತ — ಈಗ ಬರುತ್ತಾರೆ ಪ್ರೊಫೆಸರ್ ಹಾರ್ನಿಶ್, ತತ್ವಶಾಸ್ತ್ರದ ಹಿರಿಯರು, ಇವನ ಪ್ರಬಂಧಕ್ಕೆ ರುಜು ಹಾಕಬೇಕಾದವರು, ಹೋದ ಚಳಿಗಾಲ ತುಂಬಿದ ತರಗತಿಯಲ್ಲಿ ಇವನ ಅಪ್ಪನ ಗಡಿಯಾರ ಈಸಿಕೊಂಡು ಜೇಬಿಗಿಳಿಸಿದವರು, ಆತ್ಮಕ್ಕೆ ಉದ್ದವಿಲ್ಲ ಅಗಲವಿಲ್ಲ, ನೀನು ಅಳೆಯೋದು ಬರೀ ನರ, ಮಾಂಸ, ಮನಸ್ಸನ್ನ ಅಳೆದ ದಿನ ಬಂದು ಇದನ್ನ ತಗೊಂಡು ಹೋಗಯ್ಯಾ ಅಂದವರು, ಮೊಳಕೋಲು ತಂದಿದ್ದೀಯೇನೋ ಅಂತ ಹಿಂದಿನ ಬೆಂಚಿನ ನಗು — ಹಳ್ಳಿಯ ಇಗರ್ಜಿಯಲ್ಲಿ ಆರ್ಗನ್ ನುಡಿಸುತ್ತಿದ್ದ ಅಪ್ಪ ಆ ಗಡಿಯಾರವನ್ನು ಪಕ್ಕದಲ್ಲಿಟ್ಟುಕೊಂಡು, ಸ್ತುತಿಗೂ ಲಯ ಬೇಕು ಮಗಾ, ಎಣಿಸಿದ್ರೆ ದೇವರಿಗೇನು ಬೇಜಾರಿಲ್ಲ —

ಬಂದರು, ಕೂತರು, ಇಲ್ಲಿಯ ರೂಢಿಯೇ ತಿರುಗುಮುರುಗು, ಯಂತ್ರ ನಡೆಸುವುದು ಶಿಷ್ಯ, ಅಳೆಸಿಕೊಳ್ಳುವುದು ಗುರು. ತಿಂಗಳಿಡೀ ಬಂದು ಕೈ ಪಳಗಿಸಿಕೊಂಡಿದ್ದಾರೆ, ಸೋಲಿಸುವುದಾದರೂ ನ್ಯಾಯವಾಗಿ ಸೋಲಿಸಬೇಕಲ್ಲ. ಗುಂಡು ಹಲಗೆಗೆ ಬಿದ್ದೊಡನೆ ಸೆಕೆಂಡಿನ ಸಾವಿರದೊಂದು ಪಾಲು ಎಣಿಸುವ ಯಂತ್ರದ ಮುಳ್ಳು ಹೊರಡುತ್ತದೆ, ಸದ್ದು ಕೇಳಿ ಗುಂಡಿಯಿಂದ ಬೆರಳೆತ್ತಿದರೆ ನಿಲ್ಲುತ್ತದೆ, ಗಮನ ಬೆರಳಿನ ಮೇಲಿದ್ದರೆ ಬೇಗ, ಸದ್ದಿನ ಮೇಲಿದ್ದರೆ ತಡ, ಅದೇ ಕಿವಿ, ಅದೇ ಬೆರಳು, ಹಾಗಾದರೆ ನಡುವಿನ ಆ ಕೂದಲೆಳೆಯಷ್ಟು ಹೊತ್ತು ಮನಸ್ಸಿನದಲ್ಲದೆ ಯಾರದು — ಗಮನ ಎಲ್ಲಿಡ್ತೀನಿ ಅಂತ ಹೇಳಲ್ಲ, ನೀನೇ ಹೇಳು, ತಪ್ಪಿದ್ರೆ ರುಜು ಮರೆತುಬಿಡು, ಅಂದರು ಗುರುಗಳು. ಗುಂಡು ಬೀಳುತ್ತಿದೆ, ಮತ್ತೆ, ಮತ್ತೆ, ಮುಳ್ಳು ನಿಂತ ಜಾಗ ನೋಡುತ್ತ ಇವನು, ಈ ಸುತ್ತು ಬೆರಳಲ್ಲಿತ್ತು, ಗುರುಗಳೇ. ಹೂಂ. ಇದು ಸದ್ದಲ್ಲಿ. ಹೂಂ. ಮತ್ತೆ ಬೆರಳು. ಹೂಂ, ಪ್ರತಿ ಹೂಂ ಇನ್ನಷ್ಟು ಮೆಲ್ಲಗೆ, ಎದೆಯೊಳಗೆ ಆರ್ಗನ್ನಿನ ಕೊಳವೆಗಳು ಒಂದೊಂದಾಗಿ ಬಾಯಿ ತೆರೆಯುತ್ತಿವೆ, ಆಮೇಲೆ ಒಂದು ಸುತ್ತು, ಮುಳ್ಳು ಅಲ್ಲೂ ನಿಲ್ಲದೆ ಇಲ್ಲೂ ನಿಲ್ಲದೆ ದೂರ ದೂರ ಅಲೆದು — ಯಂತ್ರ ಕೆಟ್ಟಿತೇ, ಇಲ್ಲ, ನಂಬು, ಮುಳ್ಳನ್ನು ನಂಬು — ಈ ಸಲ ತಾವು ಇಲ್ಲಿರಲೇ ಇಲ್ಲ, ಗುರುಗಳೇ.

ಮುದುಕರು ಗುಂಡಿಯಿಂದ ಕೈ ತೆಗೆದರು. ನನ್ನ ಹೆಂಡತಿ ಮಾಗ್ದಲೇನಾ ನೆನಪಾದ್ಲು ಕಣಯ್ಯಾ, ಅವಳನ್ನ ಮಣ್ಣು ಮಾಡಿ ಬಂದಿದ್ದೂ ಇಂಥದ್ದೇ ಮಂಜಿನ ದಿನ, ಅದನ್ನ ಹೇಳುತ್ತೇನು ನಿನ್ನ ಮುಳ್ಳು? ಇಲ್ಲ ಗುರುಗಳೇ, ಹೋಗಿದ್ರಿ ಅಂತ ಮಾತ್ರ ಹೇಳ್ತು, ಯಾರ ಹತ್ರ ಅನ್ನೋದು ದೇವರಿಗೆ ಬಿಟ್ಟಿದ್ದು — ಅಂದಾಗ ಗೆಲುವು ಹೀಗೂ ಇರುತ್ತದೆಯೇ, ಮಂಡಿಯೂರಬೇಕೆನಿಸುತ್ತದೆ, ಅಳೆದಷ್ಟೂ ದೊಡ್ಡದಾಗುತ್ತಲೇ ಇದೆಯಲ್ಲ ಈ ಮನಸ್ಸು, ಅಪ್ಪಾ — ಗುರುಗಳು ಇವನ ಅಂಗೈ ಬಿಡಿಸಿ ಗಡಿಯಾರ ಇಟ್ಟರು, ಜೇಬಿನ ಬಿಸಿ ಆರಿರಲಿಲ್ಲ, ನಿಂತೇಹೋಗಿರುತ್ತದೆಂದುಕೊಂಡಿದ್ದ, ಆದರೆ ಟಿಕ್, ಟಿಕ್, ದಿನವೂ ಕೀಲಿ ಕೊಟ್ಟಿದ್ದಾರೆ, ಇಷ್ಟು ದಿನವೂ, ಮುಳ್ಳು, ನಡೆಯುತ್ತಲೇ ಇದ್ದ ಮುಳ್ಳು